ಸಸಿಗಿರುವ ನೆರಳು ಕೂಸಿಗೇಕಿಲ್ಲ?



ಈ ಬರಹಗಳಲ್ಲಿ ನಾನು ಬಹುಮಟ್ಟಿಗೆ ಹಳೆಯ ನೆನಪುಗಳನ್ನೇ ಹೇಳುತ್ತ ಬಂದಿದ್ದೇನೆ. ಇಂದು ನೆನಪಿನ ಜೊತೆಗೆ ಒಂದು ಅಭಿಪ್ರಾಯವನ್ನೂ ನಿಮ್ಮ ಮುಂದಿಡಬೇಕೆನಿಸಿದೆ. ಬೇಸಿಗೆ ಬಂತೆಂದರೆ ನಮ್ಮ ಕಡೆ ಬಿಸಿಲಿನ ಮಾತಿಗೆ ಬರವಿಲ್ಲ. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಕುಳಿತರೂ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಿಂತರೂ, ಹಾವೇರಿಯ ಕಚೇರಿಗಳ ಮುಂದಿನ ಚಹಾ ಅಂಗಡಿಗೆ ಹೋದರೂ ಅದೇ ಮಾತು. ಕೊಳವೆ ಬಾವಿ ಬತ್ತಿತು, ಮೆಣಸಿನಕಾಯಿಯ ದರ ಇಳಿಯಿತು, ವಿದ್ಯುತ್ತು ಹೋಯಿತು, ದನಗಳಿಗೆ ಮೇವಿಲ್ಲ. ಇವೆಲ್ಲ ಸತ್ಯವೇ. ಆದರೆ ಈ ಮಾತುಕತೆಯಲ್ಲಿ ಒಂದು ವಿಷಯ ಎಂದೂ ಬರುವುದಿಲ್ಲ. ಮೂರು ವರ್ಷದೊಳಗಿನ ಎಳೆಗೂಸುಗಳಿಗೆ ಈ ಬಿಸಿಲು ಏನು ಮಾಡುತ್ತದೆ ಎಂಬುದೇ ಆ ವಿಷಯ. ಕೂಸು ಸೊರಗಿದರೆ "ಬಿಸಿಲಿಗೆ ಹೀಗೆಯೇ, ನಾಲ್ಕು ಮಳೆ ಬಿದ್ದರೆ ಸರಿಹೋಗುತ್ತದೆ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಆ ಸಮಾಧಾನ ಪೂರ್ತಿ ನಿಜವಲ್ಲವೆಂಬುದೇ ಈ ಲೇಖನದ ತಿರುಳು. ಮಗುವಿನ ಪೋಷಣೆಯೆಂದರೆ ತಟ್ಟೆಯಲ್ಲಿ ಏನಿದೆ ಎಂಬುದಷ್ಟೇ ಅಲ್ಲ, ತಲೆಯ ಮೇಲೆ ಎಂಥ ಸೂರಿದೆ ಎಂಬುದೂ ಹೌದು.

ಮೊದಲು ನಮ್ಮ ನಾಡಿನ ಕಾಲಮಾನವನ್ನು ಸ್ವಲ್ಪ ನೋಡೋಣ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆ ಅರ್ಧ ಮಲೆನಾಡಿನ ಸೆರಗು, ಅರ್ಧ ಬಯಲುಸೀಮೆ. ಹಾನಗಲ್ಲಿನ ಕಡೆ ಹಸಿರು ಇನ್ನೂ ಕಣ್ಣಿಗೆ ಬೀಳುತ್ತದೆ. ಪೂರ್ವಕ್ಕೆ ಸರಿದಂತೆ, ಕೃಷ್ಣಮೃಗಗಳ ಅಭಯಾರಣ್ಯವಿರುವ ರಾಣೆಬೆನ್ನೂರಿನ ಕಡೆಗೆ, ನೆಲ ಒಣಗುತ್ತ ಹೋಗುತ್ತದೆ. ಮುಂಗಾರಿನಲ್ಲಿ ನೆಟ್ಟ ಮೆಣಸಿನಕಾಯಿ ಡಿಸೆಂಬರ್ ಕೊನೆಯಿಂದ ಕೊಯ್ಲಿಗೆ ಬರುತ್ತದೆ. ಕೊಯ್ಲು, ಒಣಗಿಸುವುದು, ಆರಿಸುವುದು, ತೊಟ್ಟು ತೆಗೆಯುವುದು, ಮಾರುಕಟ್ಟೆಗೆ ಸಾಗಿಸುವುದು, ಈ ಎಲ್ಲ ಕೆಲಸಗಳು ಜನವರಿಯಿಂದ ಏಪ್ರಿಲ್‌ವರೆಗೆ ಒಂದರ ಬೆನ್ನಿಗೊಂದು ನಡೆಯುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಪಡೆದು ಜಗತ್ತಿನ ಕಣ್ಣಿಗೆ ಬಿದ್ದ ಬ್ಯಾಡಗಿ ಮೆಣಸಿನಕಾಯಿಯ ಹಿಂದೆ ಬಹುಪಾಲು ಹೆಂಗಸರ ಕೈಗಳಿವೆ. ಆ ಹೆಂಗಸರಲ್ಲಿ ಅನೇಕರು ಎಳೆಗೂಸುಗಳ ತಾಯಂದಿರು. ಹೀಗೆ, ಬಿಸಿಲು ಏರುವ ತಿಂಗಳುಗಳೂ ತಾಯಂದಿರಿಗೆ ಹೆಚ್ಚು ಕೂಲಿ ಸಿಗುವ ತಿಂಗಳುಗಳೂ ನಮ್ಮಲ್ಲಿ ಒಂದೇ ಆಗಿಬಿಟ್ಟಿವೆ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕೆಂದು ವಿನಂತಿ.

ನಾನು ವೈದ್ಯನಲ್ಲ, ಕೃಷಿ ವಿಜ್ಞಾನಿಯೂ ಅಲ್ಲ. ಆದರೆ ಮೂರೂವರೆ ದಶಕ ಹಾಜರಿ ಪುಸ್ತಕ ಬರೆದವನು. ಹಾಜರಿ ಪುಸ್ತಕವೆಂಬುದು ಊರಿನ ಬದುಕಿನ ಒಂದು ಕನ್ನಡಿ. ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಫೆಬ್ರವರಿ ಕಳೆಯುತ್ತಲೇ ನಾಲ್ಕು, ಐದನೆಯ ತರಗತಿಯ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಸಾಲಾಗಿ ಬೀಳುತ್ತಿದ್ದವು. ಕೆಲವರು ಬರುತ್ತಿದ್ದರು, ಆದರೆ ಒಬ್ಬರೇ ಬರುತ್ತಿರಲಿಲ್ಲ. ಸೊಂಟದ ಮೇಲೆ ತಮ್ಮನೋ ತಂಗಿಯೋ ಇರುತ್ತಿತ್ತು. ಮಧ್ಯಾಹ್ನದ ಗಂಟೆ ಬಾರಿಸುವ ಮೊದಲೇ ಆ ಹುಡುಗಿ ಎದ್ದು, ಕೂಸಿಗೆ ಹಾಲೂಡಿಸಲು ಹೊಲದಲ್ಲಿದ್ದ ಅವ್ವನ ಹತ್ತಿರ ಹೋಗಬೇಕಾಗುತ್ತಿತ್ತು. ಒಂದೂವರೆ ಮೈಲಿ ಬಿಸಿಲಿನಲ್ಲಿ ನಡೆದು ಹೋಗಿ ಬರುವಷ್ಟರಲ್ಲಿ ಇಬ್ಬರ ಮುಖವೂ ಕೆಂಪಡರಿರುತ್ತಿತ್ತು. ನಿಮ್ಮಲ್ಲಿ ಹಲವರು ಆ ಅಕ್ಕಂದಿರು. ಕೆಲವರು ಆ ಕೂಸುಗಳೂ ಹೌದು. ಈಗ ನಿಮಗೇ ಮೊಮ್ಮಕ್ಕಳಾಗಿರುವ ಹೊತ್ತು. ಆದುದರಿಂದ ನಾನು ಹೇಳುತ್ತಿರುವುದು ನಿಮಗೆ ಹೊಸದೇನೂ ಅಲ್ಲ.

ಈಗ ಕೂಸಿನ ದೇಹದ ವಿಚಾರಕ್ಕೆ ಬರೋಣ. ಎಳೆಗೂಸು ಎಂದರೆ ಗಾತ್ರದಲ್ಲಿ ಚಿಕ್ಕದಾದ ದೊಡ್ಡ ಮನುಷ್ಯನಲ್ಲ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತೀರ್ಣ ನಮ್ಮದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಸುತ್ತಲ ಗಾಳಿ ದೇಹಕ್ಕಿಂತ ಬಿಸಿಯಾದಾಗ ಅದು ನಮಗಿಂತ ಬೇಗ ಕಾಯುತ್ತದೆ. ಬೆವರಿ ತಂಪಾಗುವ ಶಕ್ತಿ ಅದಕ್ಕೆ ಕಡಿಮೆ. ಹುಟ್ಟಿದ ಮಗುವಿನ ದೇಹದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಅದು ಕಳೆದುಹೋಗುವುದೂ ಬೇಗ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಎದ್ದು ನೆರಳಿಗೆ ಹೋಗಲಾರದು, ಬಾಯಾರಿಕೆಯೆಂದು ಹೇಳಲಾರದು. ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಮೇಷ್ಟ್ರ ಚಾಳಿ ಬಿಡುವುದಿಲ್ಲ, ಕ್ಷಮಿಸಿ. ಎಂಟು ಕಿಲೋ ತೂಗುವ ಕೂಸು ಒಂದು ವಾರದ ಭೇದಿಯಲ್ಲಿ ನಾನೂರು ಗ್ರಾಂ ಕಳೆದುಕೊಂಡಿತೆನ್ನಿ. ಅದು ಅದರ ತೂಕದ ಶೇ. 5. ಅರವತ್ತು ಕಿಲೋ ತೂಗುವ ಗಂಡಸು ಒಂದೇ ವಾರದಲ್ಲಿ ಮೂರು ಕಿಲೋ ಇಳಿದರೆ ಮನೆಯವರೆಲ್ಲ ಗಾಬರಿಯಾಗಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಓಡುತ್ತಾರೆ. ಕೂಸಿನ ನಾನೂರು ಗ್ರಾಂ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಿಸಿಲು ಕೂಸಿನ ಬೆಳವಣಿಗೆಯನ್ನು ಒಂದೇ ದಾರಿಯಲ್ಲಿ ತಡೆಯುವುದಿಲ್ಲ. ನನಗೆ ತಿಳಿದಂತೆ ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಒಂದನೆಯದು ಹಸಿವು. ಸೆಕೆಯಲ್ಲಿ ನಮಗೇ ರೊಟ್ಟಿ ಬೇಡವೆನಿಸುತ್ತದೆ. ಕೂಸಿಗೆ ಇನ್ನೂ ಹೆಚ್ಚು. ಅದು ಮುಖ ತಿರುಗಿಸಿದಾಗ ತಾಯಿ ಗಂಜಿಗೆ ಇನ್ನಷ್ಟು ನೀರು ಬೆರೆಸುತ್ತಾಳೆ. ಒಂದು ವರ್ಷದ ಮಗುವಿನ ಹೊಟ್ಟೆ ಹಿಡಿಸುವುದು ಒಂದು ಸಣ್ಣ ಬಟ್ಟಲಷ್ಟು. ಆ ಬಟ್ಟಲಲ್ಲಿ ನೀರೇ ಹೆಚ್ಚಾದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಎರಡನೆಯದು ಕೆಟ್ಟ ಅನ್ನ, ಕೆಟ್ಟ ನೀರು. ಮುಂಜಾನೆ ಆರಕ್ಕೆ ಮಾಡಿಟ್ಟು ಹೊಲಕ್ಕೆ ಹೋದ ತಾಯಿಯ ಅಡುಗೆ ಮಧ್ಯಾಹ್ನದ ಹೊತ್ತಿಗೆ ಬೇಸಿಗೆಯಲ್ಲಿ ಹಳಸಿರುತ್ತದೆ. ರೋಗಾಣುಗಳಿಗೆ ಬೆಚ್ಚಗಿನ ವಾತಾವರಣವೆಂದರೆ ಹಬ್ಬ. ನೀರು ಕಡಿಮೆಯಾದಾಗ ಕೈತೊಳೆಯುವುದೂ ಕಡಿಮೆಯಾಗುತ್ತದೆ. ಪದೇ ಪದೇ ಭೇದಿಯಾದ ಕೂಸಿನ ಕರುಳು ಆಮೇಲೆ ಒಳ್ಳೆಯ ಆಹಾರ ಕೊಟ್ಟರೂ ಅದರ ಸಾರವನ್ನು ಪೂರ್ತಿ ಹೀರಲಾರದು.

ಮೂರನೆಯದು ತಾಯಿಯ ವೇಳೆ. ಹೊಲದಲ್ಲಿಯೋ ಮೆಣಸಿನಕಾಯಿಯ ಕಣದಲ್ಲಿಯೋ ಎಂಟು ತಾಸು ದುಡಿಯುವ ತಾಯಿ ಎಂಟು ತಾಸು ಹಾಲೂಡಿಸಲಾರಳು. ಇದಕ್ಕೆ ಒಂದು ತಪ್ಪು ನಂಬಿಕೆಯೂ ಸೇರಿಕೊಂಡಿದೆ. ಬಿಸಿಲಿನಿಂದ ಬಂದ ತಾಯಿಯ ಹಾಲು "ಕಾದಿರುತ್ತದೆ", ಅದನ್ನು ಕೂಸಿಗೆ ಕೊಡಬಾರದು, ಹಿಂಡಿ ಚೆಲ್ಲಬೇಕು ಎಂಬ ಮಾತನ್ನು ನೀವೂ ಕೇಳಿರಬಹುದು. ತಾಯಿಯ ಹಾಲು ಹೊರಗಿನ ಬಿಸಿಲಿಗೆ ಕಾಯುವುದಿಲ್ಲ, ಕೆಡುವುದೂ ಇಲ್ಲ. ಆಕೆ ಒಂದು ತಂಬಿಗೆ ನೀರು ಕುಡಿದು, ಐದು ನಿಮಿಷ ನೆರಳಿನಲ್ಲಿ ಕುಳಿತು ಕೂಸನ್ನು ಎತ್ತಿಕೊಂಡರೆ ಅದೇ ಸರಿಯಾದ ಮದ್ದು.

ನಾಲ್ಕನೆಯ ದಾರಿ ಕೂಸು ಹುಟ್ಟುವ ಮೊದಲೇ ಆರಂಭವಾಗುತ್ತದೆ. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ಸಂಶೋಧಕರು ತಮಿಳುನಾಡಿನ 800 ಗರ್ಭಿಣಿಯರನ್ನು ಅಭ್ಯಸಿಸಿ 2024ರಲ್ಲಿ ಪ್ರಕಟಿಸಿದ ವರದಿಯನ್ನು ಪತ್ರಿಕೆಗಳಲ್ಲಿ ನೀವು ಓದಿರಬಹುದು. ಹೆಚ್ಚು ಬಿಸಿಯಲ್ಲಿ ದುಡಿಯುವವರಲ್ಲಿ ಗರ್ಭ ನಷ್ಟವಾಗುವ ಅಪಾಯ ಸುಮಾರು ಇಮ್ಮಡಿಯೆಂದು ಅವರು ಕಂಡುಕೊಂಡರು. ತೂಕ ಕಡಿಮೆಯಿರುವ, ದಿನ ತುಂಬದ ಶಿಶುಗಳು ಬಿಸಿಲಿನ ದಿನಗಳಲ್ಲಿ ಹೆಚ್ಚು ಹುಟ್ಟುತ್ತವೆಂದು ಬೇರೆ ಬೇರೆ ದೇಶಗಳ ಅಧ್ಯಯನಗಳೂ ಹೇಳಿವೆ. ಪಶ್ಚಿಮ ಆಫ್ರಿಕಾದ ಐದು ದೇಶಗಳ ಮಕ್ಕಳನ್ನು ಕುರಿತು 2022ರಲ್ಲಿ ಬಂದ ಒಂದು ಅಧ್ಯಯನ ಇನ್ನೂ ಮುಂದೆ ಹೋಗಿ, ತೀವ್ರ ತಾಪಕ್ಕೆ ಸಿಕ್ಕ ಮಕ್ಕಳಲ್ಲಿ ತತ್ಕಾಲದ ಸೊರಗುವಿಕೆಯೂ ದೀರ್ಘಕಾಲದ ಕುಂಠಿತವೂ ಹೆಚ್ಚುತ್ತವೆಂದು ತೋರಿಸಿದೆ. ಅಲ್ಲಿಯೂ ಮಳೆಯಾಧಾರಿತ ಬೇಸಾಯ, ಹೊಲದಲ್ಲಿ ದುಡಿಯುವ ತಾಯಂದಿರು. ನಮ್ಮ ಸ್ಥಿತಿ ಅದಕ್ಕಿಂತ ತೀರ ದೂರದ್ದೇನಲ್ಲ.

ಈ ದಾರಿಗಳು ಎಲ್ಲಿಗೆ ಕೊಂಡೊಯ್ಯುತ್ತವೆಂಬುದನ್ನು ನಾನು ಒಮ್ಮೆ ಹತ್ತಿರದಿಂದ ಕಂಡಿದ್ದೇನೆ. ಎಂಬತ್ತರ ದಶಕದ ಮಾತು, ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಏಪ್ರಿಲ್ ಮೊದಲ ವಾರ ಮೂರು ದಿನ ಬರಲಿಲ್ಲ, ಪರೀಕ್ಷೆ ಹತ್ತಿರವಿತ್ತು. ವಿಚಾರಿಸಿದರೆ, ಹತ್ತು ತಿಂಗಳ ತಂಗಿಗೆ ಭೇದಿ. ಕುಡಿಸಿದ ನೀರೆಲ್ಲ ಹೊರಗೆ ಹೋಗುತ್ತದೆಂದು ಮನೆಯ ಹಿರಿಯರು ನೀರನ್ನೂ ಎದೆಹಾಲನ್ನೂ ನಿಲ್ಲಿಸಿದ್ದರು. ಮಾಳಿಗೆ ಸೋರುತ್ತದೆಂದು ಆ ವರ್ಷವಷ್ಟೇ ತಗಡು ಹೊದಿಸಿದ ಮನೆ; ಒಳಗೆ ಕಾಲಿಡಲಾಗದ ಧಗೆ. ಮೂರನೆಯ ದಿನ ಕೂಸು ಹೋಯಿತು. ಯಾರನ್ನೂ ದೂರುವಂತಿರಲಿಲ್ಲ, ಎಲ್ಲರೂ ಅದರ ಒಳ್ಳೆಯದನ್ನೇ ಬಯಸಿದ್ದರು. ಅದಕ್ಕೂ ಎಷ್ಟೋ ವರ್ಷ ಮೊದಲು, 1971ರಲ್ಲಿ, ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು-ಸಕ್ಕರೆಯ ದ್ರಾವಣ ಕುಡಿಸಿ ಸಾವಿರಾರು ಜೀವ ಉಳಿಸಿದ್ದರು. ಆ ಜ್ಞಾನ ನಮ್ಮ ಹಳ್ಳಿಯ ಆ ಮನೆಯವರೆಗೆ ಬಂದಿರಲಿಲ್ಲ, ಅಷ್ಟೇ. ಜ್ಞಾನವಿರುವುದು ಬೇರೆ, ಅದು ಹೊಸ್ತಿಲು ದಾಟುವುದು ಬೇರೆ.

ಇಂದು ಸ್ಥಿತಿ ಸುಧಾರಿಸಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಟಿ. ನರಸೀಪುರದಲ್ಲಿ ಮೊದಲಾದ ಅಂಗನವಾಡಿ ಯೋಜನೆ ಇಂದು ಪ್ರತಿ ಊರನ್ನೂ ಮುಟ್ಟಿದೆ. 2013ರಿಂದ ಕ್ಷೀರಭಾಗ್ಯದ ಹಾಲು ಬಂತು, 2017ರಲ್ಲಿ ಮಾತೃಪೂರ್ಣದ ಬಿಸಿಯೂಟ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಂತೆ ಕರ್ನಾಟಕದಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದ ಐದು ವರ್ಷದೊಳಗಿನ ಮಕ್ಕಳು 2015–16ರಲ್ಲಿ ಶೇ. 26.1 ಇದ್ದದ್ದು 2019–21ರಲ್ಲಿ ಶೇ. 19.5ಕ್ಕೆ ಇಳಿಯಿತು. ಸಂತೋಷದ ಸಂಗತಿ. ಆದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ. 36.2ರಿಂದ 35.4ಕ್ಕೆ ಮಾತ್ರ ಬಂದರು. ಹೆಚ್ಚುಕಡಿಮೆ ನಿಂತಲ್ಲೇ ನಿಂತಂತೆ. ರಕ್ತಹೀನತೆಯಂತೂ ಶೇ. 60.9ರಿಂದ 65.5ಕ್ಕೆ ಏರಿತು. ಮೂವರಲ್ಲಿ ಒಬ್ಬ ಮಗು ತನ್ನ ವಯಸ್ಸಿನ ಎತ್ತರ ಮುಟ್ಟಿಲ್ಲವೆಂದರೆ ನಾವು ಏನನ್ನೋ ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದೇವೆಂದೇ ಅರ್ಥ. ಬಿಟ್ಟಿರುವುದರಲ್ಲಿ ಬಿಸಿಲೂ ಒಂದು ಎಂಬುದು ನನ್ನ ಎಣಿಕೆ.

"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯನ್ನು ನಿಮಗೆಲ್ಲ ಬರೆಯಿಸಿದ್ದೇನೆ. ವೈದ್ಯರು ಹೇಳುವ ಮೊದಲ ಸಾವಿರ ದಿನಗಳೆಂದರೆ ಅದೇ: ಗರ್ಭದಲ್ಲಿ 270 ದಿನ, ಹುಟ್ಟಿದ ಮೇಲಿನ ಎರಡು ವರ್ಷದ 730 ದಿನ. ಎತ್ತರವೂ ಮೆದುಳೂ ಬೆಳೆಯುವ ವೇಗ ಆಮೇಲೆ ಮತ್ತೆ ಅಷ್ಟಿರುವುದಿಲ್ಲ. ಸಾವಿರ ದಿನವೆಂದರೆ ಎರಡು ಮುಕ್ಕಾಲು ವರ್ಷ. ಅಂದರೆ ಪ್ರತಿಯೊಂದು ಕೂಸೂ ಆ ಅವಧಿಯಲ್ಲಿ ಕನಿಷ್ಠ ಎರಡು ಬೇಸಿಗೆಗಳನ್ನು, ಬಹುತೇಕ ಕೂಸುಗಳು ಮೂರು ಬೇಸಿಗೆಗಳ ಭಾಗವನ್ನು ದಾಟಬೇಕು. ಮಳೆ ಬಿದ್ದ ಮೇಲೆ ತೂಕ ಮರಳಿ ಬರಬಹುದು. ಆದರೆ ಮೂಳೆ ಉದ್ದವಾಗಬೇಕಾದ ತಿಂಗಳುಗಳಲ್ಲಿ ಆಗದೆ ಹೋದ ಬೆಳವಣಿಗೆ ಪೂರ್ತಿಯಾಗಿ ಮರಳುವುದು ಕಷ್ಟ. "ನಾಲ್ಕು ಮಳೆ ಬಿದ್ದರೆ ಸರಿಹೋಗುತ್ತದೆ" ಎಂಬ ಸಮಾಧಾನವನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಇಲ್ಲಿ ಹಿರಿಯ ಬಂಧುಗಳು ಒಂದು ಪ್ರಶ್ನೆ ಕೇಳಿಯಾರು: "ನಮ್ಮ ಅಜ್ಜಿಯರು ಇದೇ ಬಿಸಿಲಿನಲ್ಲಿ ಹತ್ತು ಮಕ್ಕಳನ್ನು ಸಾಕಲಿಲ್ಲವೇ?" ಸಾಕಿದರು, ನಿಜ. ಆದರೆ ಹತ್ತರಲ್ಲಿ ಎಷ್ಟು ಉಳಿದವು ಎಂಬುದನ್ನು ಆ ಅಜ್ಜಿಯರೇ ಹೇಳಬೇಕಿತ್ತು. ಅದೂ ಅಲ್ಲದೆ ಬಿಸಿಲು ಅದೇ ಅಲ್ಲ, ಮನೆಯೂ ಅದೇ ಅಲ್ಲ. 2024ನೆಯ ಇಸವಿ ಜಗತ್ತಿನ ದಾಖಲೆಯಲ್ಲೇ ಅತಿ ಬಿಸಿಯಾದ ವರ್ಷವೆನಿಸಿತು. ಅದರ ಹಿಂದಿನ ವರ್ಷವಷ್ಟೇ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಮನೆಯ ವಿಚಾರ ನೋಡಿದರೆ, ಅಜ್ಜಿಯರದು ಮೊಳದುದ್ದ ದಪ್ಪದ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಅಂಗಳದಲ್ಲಿ ಬೇವಿನ ಮರ. ಇಂದು ಬಡವರದು ತಗಡಿನ ಸೂರು, ಉಳ್ಳವರದು ಬರಿಯ ಕಾಂಕ್ರೀಟು. ತಗಡು ಮಧ್ಯಾಹ್ನ ಸುಡುತ್ತದೆ. ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಕಕ್ಕುತ್ತದೆ. ಅಂಗನವಾಡಿಗಳ ಕಟ್ಟಡಗಳೂ ಇವೆರಡರಲ್ಲಿ ಒಂದೇ.

ಹೊಲವೂ ಬದಲಾಗಿದೆ. ಜೋಳದ ಜೊತೆ ಅಕ್ಕಡಿಯಾಗಿ ತೊಗರಿ, ಹೆಸರು, ಅಲಸಂದೆ ಬೆಳೆಯುತ್ತಿದ್ದ ನೆಲದಲ್ಲಿ ಈಗ ಕಣ್ಣು ಹಾಯಿಸಿದಷ್ಟು ದೂರ ಗೋವಿನಜೋಳ. ಅದರ ಬಹುಪಾಲು ಕೋಳಿಯ ಆಹಾರಕ್ಕೂ ಕಾರ್ಖಾನೆಗೂ ಹೋಗುತ್ತದೆ, ಕೂಸಿನ ಬಟ್ಟಲಿಗಲ್ಲ. ಮನೆಯ ಬಟ್ಟಲಿಗೆ ಅಂಗಡಿಯ ಅಕ್ಕಿ ಬಂದಿದೆ. ಗಾಳಿಯಲ್ಲಿ ಇಂಗಾಲಾಮ್ಲ ಹೆಚ್ಚಿದಂತೆ ಅಕ್ಕಿ, ಗೋಧಿಗಳಲ್ಲಿ ಸಸಾರಜನಕ, ಕಬ್ಬಿಣ, ಸತುವಿನ ಅಂಶ ಕುಗ್ಗುತ್ತದೆಂದೂ ಜೋಳದಂಥ ಧಾನ್ಯಗಳಲ್ಲಿ ಆ ಕುಗ್ಗುವಿಕೆ ಕಡಿಮೆಯೆಂದೂ ವಿಜ್ಞಾನಿಗಳು ಹೇಳುತ್ತಾರೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯ ಎದುರು ರಾಗಿಯನ್ನು ಗೆಲ್ಲಿಸಿದರು. ಮಳೆಯಿಲ್ಲದ ಕಾಲದಲ್ಲಿ ಬಡವನನ್ನು ಕಾಯುವ ಧಾನ್ಯವೇ ದೊಡ್ಡದೆಂಬ ಆ ಮಾತು ನಮ್ಮ ತಾಲ್ಲೂಕಿನ ಜನರಿಗೆ ಇನ್ನೊಮ್ಮೆ ನೆನಪಾಗಬೇಕಾದ ಕಾಲ ಬಂದಿದೆ.

ಇನ್ನೊಂದು ಆಕ್ಷೇಪವೂ ಬರಬಹುದು. "ಮೇಷ್ಟ್ರೇ, ಇದು ಬಿಸಿಲಿನ ದೋಷವಲ್ಲ, ಬಡತನದ ದೋಷ." ಈ ಮಾತಿನಲ್ಲಿ ಅರ್ಧ ಸತ್ಯವಿದೆ. ತಾಯಿಯ ರಕ್ತಹೀನತೆ, ಚಿಕ್ಕ ವಯಸ್ಸಿನ ಮದುವೆ, ಶೌಚಾಲಯದ ಕೊರತೆ ಇವೆಲ್ಲ ಮಕ್ಕಳ ಬೆಳವಣಿಗೆಯನ್ನು ತಡೆಯುವ ದೊಡ್ಡ ಕಾರಣಗಳೇ. ಆದರೆ ಬಿಸಿಲೂ ಬಡತನವೂ ಪ್ರತಿಸ್ಪರ್ಧಿಗಳಲ್ಲ, ಒಂದೇ ನೊಗದ ಎತ್ತುಗಳು. ಅದೇ 38 ಡಿಗ್ರಿಯ ಮಧ್ಯಾಹ್ನ ಹಾವೇರಿಯ ಅಧಿಕಾರಿಯ ಮಗು ತಂಪು ಕೋಣೆಯಲ್ಲಿ ನಿದ್ರಿಸುತ್ತದೆ. ಕೂಲಿಯ ಮಗು ಹೊಲದ ಬದುವಿನಲ್ಲಿ ಸೀರೆಯ ಜೋಲಿಯಲ್ಲಿ ಬೇಯುತ್ತದೆ. ಬಡತನ ನೀಗುವುದಕ್ಕೆ ತಲೆಮಾರು ಬೇಕಾಗಬಹುದು. ನೆರಳು ಮಾಡುವುದಕ್ಕೆ ಒಂದು ದಿನ ಸಾಕು.

ನನ್ನ ಮನಸ್ಸನ್ನು ಹೆಚ್ಚು ಕೊರೆಯುವುದು ಇದು. ಬ್ಯಾಡಗಿಗೆ ಹೋದರೆ ದೊಡ್ಡ ದೊಡ್ಡ ಶೀತಲಗೃಹಗಳನ್ನು ಕಾಣುತ್ತೀರಿ. ಮೆಣಸಿನಕಾಯಿಯ ಕೆಂಪು ಬಣ್ಣ ಬಿಸಿಗೆ ಮಾಸುತ್ತದೆ, ಬಣ್ಣ ಮಾಸಿದರೆ ಬೆಲೆ ಬೀಳುತ್ತದೆ. ಅದಕ್ಕಾಗಿ ಆ ಏರ್ಪಾಡು. ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಬೀಜದ ಮೊಳಕೆಯ ಶಕ್ತಿ ಸೆಕೆಗೆ ಕೆಡುತ್ತದೆಂದು ಅದನ್ನು ತಂಪಾದ, ಒಣಗಿದ ಜಾಗದಲ್ಲಿ ಕಾಪಾಡುತ್ತಾರೆ. ಸಸಿಮಡಿಗಳಿಗೆ ಹಸಿರು ನೆರಳುಬಲೆ ಕಟ್ಟುತ್ತಾರೆ. ಎಳೆಯದರಲ್ಲಿ ಬಾಡಿದ ಸಸಿ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಚೇತರಿಸದೆಂಬುದು ನಮ್ಮ ರೈತರಿಗೆಲ್ಲ ಗೊತ್ತು. ಇಷ್ಟು ತಿಳಿದ ನಾವು, ಆ ಮೆಣಸಿನಕಾಯಿ ಬಿಡಿಸಿದ ತಾಯಿಯ ಕೂಸನ್ನು ಮಾತ್ರ ಬಯಲಿನಲ್ಲಿ ಬಿಟ್ಟಿದ್ದೇವೆ. ಸಸಿಗಿರುವ ನೆರಳು ಕೂಸಿಗೇಕಿಲ್ಲ? ವ್ಯಾಪಾರಿಗಳನ್ನಾಗಲಿ ರೈತರನ್ನಾಗಲಿ ಹಳಿಯಲು ನಾನು ಇದನ್ನು ಬರೆಯುತ್ತಿಲ್ಲ. ಕಾಪಾಡುವ ವಿದ್ಯೆ ನಮ್ಮಲ್ಲಿ ಆಗಲೇ ಇದೆ, ಅದನ್ನು ಎಲ್ಲಿ ಬಳಸಬೇಕೆಂಬ ವಿವೇಕ ಮಾತ್ರ ಬೇಕೆಂದು ಹೇಳುತ್ತಿದ್ದೇನೆ.

ಸರ್ಕಾರದ ಲೆಕ್ಕದಲ್ಲಿಯೂ ನಮ್ಮ ಕೂಸು ಸಿಕ್ಕಿಬೀಳುವುದಿಲ್ಲ. ಹವಾಮಾನ ಇಲಾಖೆಯ ನಿಯಮದಂತೆ ಬಯಲುಸೀಮೆಯಲ್ಲಿ ಉಷ್ಣ ಅಲೆಯೆನಿಸಬೇಕಾದರೆ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ನಮ್ಮ 38 ಡಿಗ್ರಿ ಆ ಲೆಕ್ಕಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುವ ರೂಢಿಯಿದೆ. ಅದು ನೌಕರರ ಹಿತಕ್ಕೆ, ಒಳ್ಳೆಯದೇ. ಆದರೆ ಇಲಾಖೆಯ ಉಷ್ಣಮಾಪಕ ನೆರಳಿನಲ್ಲಿರುತ್ತದೆ, ಕೂಸು ತಗಡಿನ ಕೆಳಗಿರುತ್ತದೆ. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲಾ ಮಕ್ಕಳಿಗೆ ಬಿಸಿಯೂಟ ಮುಂದುವರಿಸಿದ್ದು ಮೆಚ್ಚತಕ್ಕ ಕ್ರಮ. ಅದಾದರೂ ಆರು ವರ್ಷ ದಾಟಿದವರಿಗೆ. ಮೂರರಿಂದ ಆರು ವರ್ಷದವರು ಅಂಗನವಾಡಿಯಲ್ಲಿ ಉಣ್ಣುತ್ತಾರೆ. ಆರು ತಿಂಗಳಿನಿಂದ ಮೂರು ವರ್ಷದವರಿಗೆ ಮಾತ್ರ ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಆ ಪೊಟ್ಟಣವನ್ನು ಬೇಯಿಸಿ, ಬಿಸಿ ಆರುವ ಮುನ್ನ ಮೂರು ಸಲ ಉಣಿಸುವವರು ಮನೆಯಲ್ಲಿರಬೇಕಲ್ಲ? ಆಕೆ ಮೆಣಸಿನಕಾಯಿ ಬಿಡಿಸಲು ಹೋಗಿರುತ್ತಾಳೆ.

ಆದ್ದರಿಂದ ಏನು ಮಾಡಬಹುದು? ಮೊದಲು ಮನೆಯ ಮಾತು. ಆರು ತಿಂಗಳು ತುಂಬುವವರೆಗೆ ಕೂಸಿಗೆ ಎಂಥ ಬೇಸಿಗೆಯಲ್ಲೂ ಮೇಲು ನೀರು ಬೇಡ. ತಾಯಿಯ ಹಾಲಿನಲ್ಲಿ ಶೇ. 87ರಷ್ಟು ನೀರೇ ಇರುತ್ತದೆ. ಹೆಚ್ಚು ಸಲ ಹಾಲೂಡಿಸಿದರೆ ಸಾಕು. ನೀರು ಕುಡಿಯಬೇಕಾದವಳು ತಾಯಿ. ಆರು ತಿಂಗಳ ಮೇಲೆ ಮೇಲು ಆಹಾರವನ್ನು ಬೆಳಗಿನ ತಂಪಿನಲ್ಲೂ ಸಂಜೆಯ ತಂಪಿನಲ್ಲೂ ಹೆಚ್ಚಾಗಿ, ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು. ಅಂಬಲಿ ಒಳ್ಳೆಯದು, ಆದರೆ ನೀರಂಬಲಿ ಸಾಲದು. ಅದಕ್ಕೆ ನುಣ್ಣಗೆ ಅರೆದ ಶೇಂಗಾ, ಬೇಯಿಸಿದ ಹೆಸರುಬೇಳೆ, ಒಂದು ಚಮಚ ತುಪ್ಪವೋ ಎಣ್ಣೆಯೋ ಬೆರೆಸಬೇಕು. ಮಾಡಿಟ್ಟು ಎರಡು ತಾಸು ಮೀರಿದ್ದನ್ನು ಬೇಸಿಗೆಯಲ್ಲಿ ಕೂಸಿಗೆ ಕೊಡಬಾರದು. ಭೇದಿಯಾದರೆ ಹಾಲನ್ನೂ ಊಟವನ್ನೂ ನಿಲ್ಲಿಸಲೇಬಾರದು. ಅಂಗನವಾಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ತರಬೇಕು. ಅದಿಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಕೂಸು ಮಂಕಾದರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಎಚ್ಚರ, 11.5ಕ್ಕಿಂತ ಕಡಿಮೆಯಿದ್ದರೆ ಅಪಾಯ. ಅಳೆಯುವ ಪಟ್ಟಿ ಅಂಗನವಾಡಿ ಕಾರ್ಯಕರ್ತೆಯರ ಬಳಿ ಇರುತ್ತದೆ.

ಇನ್ನು ಊರಿನ ಮಾತು. ನನ್ನ ಶಿಷ್ಯೆಯರಲ್ಲಿ ಅಂಗನವಾಡಿ ಕಾರ್ಯಕರ್ತೆಯರಾಗಿರುವವರಿಗೆ ಒಂದು ಕೋರಿಕೆ. ಫೆಬ್ರವರಿಯ ತೂಕವನ್ನೂ ಜೂನ್ ತಿಂಗಳ ತೂಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ನಡುವೆ ಗೆರೆ ಚಪ್ಪಟೆಯಾದ ಕೂಸುಗಳ ಪಟ್ಟಿ ಮಾಡಿ ಮೇಲಧಿಕಾರಿಗಳ ಮುಂದಿಡಿ. ಬಿಸಿಲಿನ ಲೆಕ್ಕ ಹುಟ್ಟುವುದು ಅಲ್ಲಿಂದ. ಗ್ರಾಮ ಪಂಚಾಯಿತಿಯ ಸದಸ್ಯರಾಗಿರುವವರು ಅಂಗನವಾಡಿಯ ಸೂರಿಗೆ ಪ್ರತಿ ಫೆಬ್ರವರಿಯಲ್ಲಿ ದಪ್ಪನಾಗಿ ಬಿಳಿ ಸುಣ್ಣ ಬಳಿಸಿ, ಪಡುವಣ ಗೋಡೆಗೆ ನೆರಳುಬಲೆ ಕಟ್ಟಿಸಿ, ಅಂಗಳದಲ್ಲಿ ಬೇವು, ಹೊಂಗೆ ನೆಡಿಸಿ. ಇದು ಹುಚ್ಚು ಸಲಹೆಯೇನಲ್ಲ. ಅಹಮದಾಬಾದ್ ನಗರ 2013ರಲ್ಲೇ ಬಿಸಿಲಿಗೊಂದು ಕಾರ್ಯಯೋಜನೆ ಮಾಡಿಕೊಂಡಿತು, ತೆಲಂಗಾಣ 2023ರಲ್ಲಿ ತಂಪು ಸೂರಿಗೆಂದೇ ಒಂದು ನೀತಿ ತಂದಿತು. ನಮ್ಮ ರಾಜ್ಯವೂ 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ಹಮ್ಮಿಕೊಂಡಿತು. ಹೆಸರೇ ಎಷ್ಟು ಚೆನ್ನಾಗಿದೆ. ಅಂಥ ಮನೆ ಮೆಣಸಿನಕಾಯಿಯ ಸುಗ್ಗಿಯಲ್ಲಿ ಮಾರುಕಟ್ಟೆಯ ಹತ್ತಿರವೂ ದೊಡ್ಡ ಕಣಗಳ ಹತ್ತಿರವೂ ಇರಬೇಕು, ಹಾಲೂಡಿಸಲು ತಾಯಿ ನಡೆದು ಬರುವಷ್ಟು ಸಮೀಪ. ಬ್ಯಾಡಗಿಯಲ್ಲಿ ವ್ಯಾಪಾರ ಮಾಡುವ ನನ್ನ ಶಿಷ್ಯರು ಮನಸ್ಸು ಮಾಡಿದರೆ ನಾಲ್ಕು ತಿಂಗಳಿಗೆ ಒಂದು ಹೆಂಚಿನ ಕೋಣೆ, ಇಬ್ಬರು ಆಯಾಗಳು, ಒಂದು ಮಡಕೆ ಶುದ್ಧ ನೀರು ದೊಡ್ಡ ಮಾತಲ್ಲ. ಹೊಲದ ಯಜಮಾನರು ಗರ್ಭಿಣಿಯರಿಗೂ ಬಾಣಂತಿಯರಿಗೂ ಹನ್ನೊಂದರಿಂದ ನಾಲ್ಕರವರೆಗೆ ಬಿಡುವು ಕೊಟ್ಟು ಬೆಳಿಗ್ಗೆ, ಸಂಜೆ ಕೆಲಸ ಮಾಡಿಸಿಕೊಳ್ಳಲಿ, ಕೂಲಿ ಮಾತ್ರ ಕಡಿಯದಿರಲಿ. ಕೂಲಿ ಕಡಿದರೆ ಆಕೆ ಬಿಸಿಲನ್ನೇ ಆರಿಸಿಕೊಳ್ಳುತ್ತಾಳೆ. ಅದು ಆಕೆಯ ತಪ್ಪಲ್ಲ.

ದೂರದ ಬೆಂಗಳೂರಿನಲ್ಲೋ ಪರದೇಶದಲ್ಲೋ ಇರುವ ನೀವು, "ಊರಿಗೆ ಏನಾದರೂ ಮಾಡಬೇಕು ಸರ್, ಹೇಳಿ" ಎಂದು ಆಗಾಗ ಬರೆಯುತ್ತೀರಿ. ದೇವಸ್ಥಾನದ ಗೋಪುರಕ್ಕೂ ಶಾಲೆಯ ಕಮಾನಿಗೂ ಉದಾರವಾಗಿ ಕೊಟ್ಟಿದ್ದೀರಿ. ಈ ಬಾರಿ ನನ್ನ ಉತ್ತರ ಸಣ್ಣದು. ನಿಮ್ಮ ಊರಿನ ಅಂಗನವಾಡಿಗೆ ಒಂದು ಮಧ್ಯಾಹ್ನ ಎರಡು ಗಂಟೆಗೆ, ಏಪ್ರಿಲ್ ತಿಂಗಳಲ್ಲಿ, ಹೋಗಿ ಹತ್ತು ನಿಮಿಷ ನೆಲದ ಮೇಲೆ ಕುಳಿತು ಬನ್ನಿ. ಸೂರಿಗೆ ಏನು ಬೇಕೆಂಬುದು ನಿಮಗೇ ಹೊಳೆಯುತ್ತದೆ. ಸುಣ್ಣ ಬಳಿದ ಸೂರಿನ ಮೇಲೆ ದಾನಿಗಳ ಹೆಸರು ಕೆತ್ತಿಸಲು ಬರುವುದಿಲ್ಲ, ನಿಜ. ಒಳಗೆ ಮಲಗಿದ ಕೂಸು ನಿದ್ದೆ ಕೆಡದೆ ಒಂದು ತಾಸು ಹೆಚ್ಚು ಮಲಗಿದರೆ ಅದೇ ನಿಮ್ಮ ಹೆಸರು.

ಈ ವಿಷಯದಲ್ಲಿ ನಿಮ್ಮ ಮನೆಯ, ನಿಮ್ಮ ಊರಿನ ಅನುಭವಗಳೇನಿದ್ದರೂ ಬರೆದು ತಿಳಿಸಿ. ವೈದ್ಯರಾಗಿರುವ ಶಿಷ್ಯರು ನನ್ನ ಮಾತಿಗೆ ಸೇರಿಸುವುದಿದ್ದರೆ ಸಂಕೋಚಪಡದೆ ಸೇರಿಸಲಿ. ಮಕ್ಕಳಿಗೆಲ್ಲ ನನ್ನ ಆಶೀರ್ವಾದಗಳು.